ಬಿಗಿ ಕೋಚೋ, ಸಲಿಗೆಯ ಕೋಚೋ? ಪಿಟ್ಸ್‌ಬರ್ಗ್ ಕಡೆ ತಿರುಗಿ ನೋಡಿ

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಟೊರೊಂಟೊದಲ್ಲಿದ್ದೇವೆ. ಮಗನ ಜೊತೆ ಕೂತು ಮೇಪಲ್ ಲೀಫ್ಸ್ ತಂಡದ ಐಸ್ ಹಾಕಿ ನೋಡುವುದು ಮನೆಯಲ್ಲಿ ರೂಢಿಯಾಗಿದೆ. ಕೋಚ್ ಮೈಕ್ ಬ್ಯಾಬ್‌ಕಾಕ್ ಕಟ್ಟುನಿಟ್ಟಿನವರು, ಅವರ ಜಾಗಕ್ಕೆ ಬಂದ ಶೆಲ್ಡನ್ ಕೀಫ್ ಸೌಮ್ಯ, ಆಮೇಲೆ ಬಂದ ಕ್ರೇಗ್ ಬೆರೂಬಿ ಮತ್ತೆ ಗಟ್ಟಿ ಮನುಷ್ಯ. ಯಾರು ಬಂದರೂ ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ ಬರಲಿಲ್ಲ. ಎಷ್ಟೇ ದೊಡ್ಡ ಆಟಗಾರನಾದರೂ ಕೋಚ್ ಕಂಡರೆ ಸ್ವಲ್ಪ ಹೆದರಿಕೆ ಇರಬೇಕು ಅಂತ ನನ್ನ ವಾದ. ಕೋಟಿಗಟ್ಟಲೆ ಸಂಬಳ ತಗೊಳ್ಳೋರನ್ನ ಶಾಲೆ ಮಕ್ಕಳ ಥರ ಗದರಿಸಿದರೆ ಯಾರು ಆಡ್ತಾರೆ ಅಂತ ಮಗನ ವಾದ. ಯಾರು ಸರಿ? ಟಿವಿಯಲ್ಲಿ ನೋಡುವ ನಮ್ಮಂಥವರಿಗೆ ಒಳ್ಳೆಯ ಕೋಚ್ ಯಾರೆಂದು ಗುರುತಿಸುವ ದಾರಿ ಇದೆಯೇ?

ಉತ್ತರ: ಕಪ್‌ಗಳನ್ನು ಎಣಿಸುತ್ತಾ ಹೋದರೆ ಈ ವಾದ ಎಂದೂ ಮುಗಿಯುವುದಿಲ್ಲ. ಗದರಿಸಿ ಗೆದ್ದವರಿದ್ದಾರೆ, ಬೆನ್ನು ತಟ್ಟಿ ಗೆದ್ದವರೂ ಇದ್ದಾರೆ. ಹೆಚ್ಚುಕಡಿಮೆ ಅದೇ ಆಟಗಾರರಿದ್ದ ಒಂದೇ ತಂಡ ಒಂದು ವರ್ಷ ಒಂದು ಬಗೆಯ ಕೋಚ್ ಕೈಯಲ್ಲಿ, ಮರುವರ್ಷ ಇನ್ನೊಂದು ಬಗೆಯವರ ಕೈಯಲ್ಲಿ ಕಪ್ ಎತ್ತಿದ್ದೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ. ಕೋಚ್ ಎಷ್ಟು ಬಿಗಿ ಅನ್ನುವುದಕ್ಕಿಂತ ಆ ಬಿಗಿ ಎಲ್ಲಿ ಬೀಳುತ್ತದೆ ಅನ್ನುವುದು ದೊಡ್ಡದು. ಅದು ಆಟದ ಮೇಲೆ ಬಿದ್ದರೆ ಆಟಗಾರರು ವರ್ಷಗಟ್ಟಲೆ ತಡೆದುಕೊಳ್ಳುತ್ತಾರೆ, ಬೈದುಕೊಂಡಾದರೂ ಆಡುತ್ತಾರೆ. ಮನುಷ್ಯನ ಮಾನದ ಮೇಲೆ ಬಿದ್ದರೆ ಒಂದೆರಡು ಸೀಸನ್ ಫಲ ಕೊಟ್ಟ ಹಾಗೆ ಕಾಣುತ್ತದೆ, ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಅವರ ಮಾತಿಗೆ ಕಿವಿಗೊಡುವುದಿಲ್ಲ.

ಎನ್‌ಎಚ್‌ಎಲ್ (ಲೀಫ್ಸ್ ಆಡುವ ಉತ್ತರ ಅಮೆರಿಕದ ವೃತ್ತಿಪರ ಲೀಗ್) ಕೋಚ್ ಕೈಯಲ್ಲಿ ನಿಜವಾಗಿ ಏನಿದೆ ಅನ್ನುವುದನ್ನು ಇಲ್ಲಿ ತಿಳಿದುಕೊಳ್ಳಬೇಕು. ಸಂಬಳ ಅವರ ಕೈಯಲ್ಲಿಲ್ಲ, ಅದು ತಂಡ ಕಟ್ಟುವ ಜನರಲ್ ಮ್ಯಾನೇಜರ್ ಬಾಬ್ತು. ಕರಾರು ಆಗಿಬಿಟ್ಟರೆ ಆಟಗಾರ ಚೆನ್ನಾಗಿ ಆಡಲಿ ಬಿಡಲಿ, ಹಣ ಖಾತ್ರಿ. ಕೋಚ್‌ಗೆ ಉಳಿಯುವುದು ಐಸ್ ಮೇಲಿನ ನಿಮಿಷಗಳು. ಪಂದ್ಯಕ್ಕೆ ಅಂಗಿ ತೊಡುವವರು 20 ಜನ, ಅದರಲ್ಲಿ ಇಬ್ಬರು ಗೋಲಿಗಳು, ಅಂದರೆ ಗೋಲು ಕಾಯುವವರು. ಉಳಿದ 18 ಮಂದಿ ಮುಕ್ಕಾಲು ನಿಮಿಷದ ಆಸುಪಾಸಿನ ಶಿಫ್ಟ್‌ಗಳಲ್ಲಿ ಒಳಗೆ ಹೊರಗೆ ಓಡಾಡುತ್ತಿರುತ್ತಾರೆ. ಮುಂದಿನ ಶಿಫ್ಟ್‌ಗೆ ಯಾರನ್ನು ಕಳಿಸಬೇಕು, ಯಾರನ್ನು ಬೆಂಚಿನಲ್ಲೇ ಕೂರಿಸಬೇಕು ಅನ್ನುವುದೇ ಕೋಚ್‌ನ ದೊಡ್ಡ ಅಸ್ತ್ರ. ಇನ್ನೂ ಸಿಟ್ಟು ಬಂದರೆ ಮೈಯಲ್ಲಿ ಯಾವ ನೋವಿಲ್ಲದವನನ್ನೂ ಸೂಟು ಹಾಕಿಸಿ ಗ್ಯಾಲರಿಗೆ ಕಳಿಸಬಹುದು. ಅಭ್ಯಾಸದಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಎತ್ತಿಟ್ಟು, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಉಸಿರು ಕಟ್ಟುವ ತನಕ ಸ್ಕೇಟ್ ಮಾಡಿಸಬಹುದು. ಎಲ್ಲರೆದುರು ವೀಡಿಯೊ ಹಾಕಿ ತಪ್ಪು ತೋರಿಸಬಹುದು. ಬಿಗಿ ಕೋಚ್ ಬಳಿಯೂ ಇವೇ, ಸಲಿಗೆಯ ಕೋಚ್ ಬಳಿಯೂ ಇವೇ. ವ್ಯತ್ಯಾಸ ಇರುವುದು ಯಾರ ಮೇಲೆ, ಯಾವಾಗ, ಯಾಕೆ ಅನ್ನುವುದರಲ್ಲಿ.

ನಿಮ್ಮ ಹೆದರಿಕೆಯ ವಾದಕ್ಕೆ ಎಲ್ಲರೂ ಕೊಡುವ ಉದಾಹರಣೆ ಹರ್ಬ್ ಬ್ರೂಕ್ಸ್. 1979ರ ಸೆಪ್ಟೆಂಬರ್, ಓಸ್ಲೋ. ಅವರು ಕೋಚ್ ಆಗಿದ್ದ ಅಮೆರಿಕದ ಒಲಿಂಪಿಕ್ ತಂಡ ನಾರ್ವೆ ಜೊತೆ 3-3 ಸಮ ಮಾಡಿಕೊಂಡಿತು. ಹುಡುಗರು ಮನಸ್ಸಿಟ್ಟು ಆಡಲಿಲ್ಲ ಎಂದು ಬ್ರೂಕ್ಸ್‌ಗೆ ಕೆಂಡದಂಥ ಸಿಟ್ಟು. ಪಂದ್ಯ ಮುಗಿದ ಮೇಲೂ ಯಾರನ್ನೂ ಒಳಗೆ ಬಿಡಲಿಲ್ಲ. ಅದೇ ಬೆವರಿನ ಅಂಗಿಯಲ್ಲಿ ಗೆರೆಯಿಂದ ಗೆರೆಗೆ ಓಡಿಸಿದರು, ಮತ್ತೆ ಓಡಿಸಿದರು. ರಿಂಕ್ ನೋಡಿಕೊಳ್ಳುವವರು ದೀಪ ಆರಿಸಿದರೂ ಕತ್ತಲಲ್ಲಿ ಓಟ ನಿಲ್ಲಲಿಲ್ಲ. ಐದು ತಿಂಗಳ ನಂತರ, 1980ರ ಫೆಬ್ರವರಿ 22ರಂದು, ಲೇಕ್ ಪ್ಲಾಸಿಡ್‌ನಲ್ಲಿ ಅದೇ ಹುಡುಗರು ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದರು. ಕಥೆ ನಿಜ, ರೋಮಾಂಚನವೂ ನಿಜ. ಆದರೆ ವೃತ್ತಿಪರ ತಂಡಕ್ಕೆ ಇದನ್ನು ಪಾಠವೆಂದು ಹೇಳುವವರು ಎರಡು ಸಂಗತಿ ಬಿಟ್ಟುಬಿಡುತ್ತಾರೆ. ಅವರೆಲ್ಲ ಹೆಚ್ಚಾಗಿ ಕಾಲೇಜಿನಿಂದ ಬಂದ ಹುಡುಗರು, ಜೊತೆಗಿದ್ದದ್ದು ಕೆಲವೇ ತಿಂಗಳು, ಕಣ್ಣ ಮುಂದಿದ್ದದ್ದು ಒಂದೇ ಗುರಿ. ಮಿನ್ನೆಸೋಟಾ ಹುಡುಗರಿಗೂ ಬಾಸ್ಟನ್ ಹುಡುಗರಿಗೂ ಆಗುತ್ತಿರಲಿಲ್ಲ. ತಮ್ಮನ್ನು ದ್ವೇಷಿಸುತ್ತಲಾದರೂ ಅವರು ಒಂದಾಗಲಿ ಎಂದು ಬ್ರೂಕ್ಸ್ ಬೇಕೆಂದೇ ಆ ಪಾತ್ರ ಹೊತ್ತರು. ಎರಡನೆಯದು, ಅವರ ಪಕ್ಕದಲ್ಲಿ ಕ್ರೇಗ್ ಪ್ಯಾಟ್ರಿಕ್ ಎಂಬ ಸಹಾಯಕ ಕೋಚ್ ಇದ್ದರು. ಬ್ರೂಕ್ಸ್ ಉರಿಸಿದ ಗಾಯಕ್ಕೆ ಎಣ್ಣೆ ಸವರುವ ಕೆಲಸ ಅವರದು. ಹುಡುಗರು ಹೋಗಿ ಅಳಲು ತೋಡಿಕೊಳ್ಳಲು ಒಂದು ಬಾಗಿಲು ಯಾವಾಗಲೂ ತೆರೆದಿತ್ತು.

ಈ ಪ್ಯಾಟ್ರಿಕ್ ಹೆಸರು ನೆನಪಿಟ್ಟುಕೊಳ್ಳಿ. ಹತ್ತು ವರ್ಷ ಕಳೆದ ಮೇಲೆ ಅವರೇ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಜನರಲ್ ಮ್ಯಾನೇಜರ್. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಆ ಊರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

1990ರಲ್ಲಿ ಪ್ಯಾಟ್ರಿಕ್ ಬಾಬ್ ಜಾನ್ಸನ್ ಅವರನ್ನು ಕೋಚ್ ಆಗಿ ತಂದರು. ಕಾಲೇಜು ಹಾಕಿಯಲ್ಲಿ ಹೆಸರು ಮಾಡಿದ್ದ ಹಿರಿಯ. "ಹಾಕಿಗೆ ಇವತ್ತು ಎಂಥ ಒಳ್ಳೆಯ ದಿನ" ಅನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಗೆದ್ದರೂ ಅದೇ, ಸೋತರೂ ಅದೇ. ತಂಡದಲ್ಲಿ ಮಾರಿಯೋ ಲೆಮ್ಯೂ, ಇನ್ನೂ ಮೀಸೆ ಮೂಡುತ್ತಿದ್ದ ಯಾರೊಮಿರ್ ಯಾಗರ್. 1991ರ ಪ್ಲೇಆಫ್‌ನಲ್ಲಿ (ಲೀಗ್ ಸುತ್ತಿನ ನಂತರದ ನಾಕೌಟ್ ಸರಣಿಗಳಲ್ಲಿ) ಆಡಿದ ನಾಲ್ಕೂ ಸರಣಿಗಳಲ್ಲಿ ಮೊದಲ ಪಂದ್ಯ ಸೋತರು. ಬಾಸ್ಟನ್ ವಿರುದ್ಧ ಮೊದಲ ಎರಡೂ ಹೋದವು. ಬೇರೆ ಕೋಚ್ ಆಗಿದ್ದರೆ ಎರಡನೇ ಸೋಲಿಗೇ ಯಾರನ್ನಾದರೂ ಬಲಿ ಹಾಕುತ್ತಿದ್ದರು. ಜಾನ್ಸನ್ ಅದೇ ಹುಮ್ಮಸ್ಸಿನಲ್ಲಿ ಮರುದಿನ ಬಂದರು. ನಾಲ್ಕು ಸಲವೂ ತಂಡ ಸೋಲಿನಿಂದ ಮೇಲೆದ್ದು ಬಂತು, ಕೊನೆಯ ಪಂದ್ಯವನ್ನು 8-0ರಿಂದ ಗೆದ್ದು ಪಿಟ್ಸ್‌ಬರ್ಗ್‌ಗೆ ಮೊದಲ ಸ್ಟಾನ್ಲಿ ಕಪ್ ತಂದಿತು.

ಅದೇ ಬೇಸಿಗೆಯಲ್ಲಿ ಜಾನ್ಸನ್‌ಗೆ ಮೆದುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು, ನವೆಂಬರಿನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಸ್ಕಾಟಿ ಬೋಮನ್. 1970ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಐದು ಕಪ್ ಗೆದ್ದವರು, 1976-77ರಲ್ಲಿ 80 ಪಂದ್ಯಗಳಲ್ಲಿ ಬರೀ ಎಂಟು ಸೋತ ತಂಡದ ಕೋಚ್. ತಣ್ಣನೆಯ ಮನುಷ್ಯ, ಹೊಗಳಿಕೆ ಅಪರೂಪ, ಯಾರ ಮುಲಾಜಿಗೂ ಬೀಳದವರು. ಜಾನ್ಸನ್ ಅವರನ್ನು ಕಳೆದುಕೊಂಡ ದುಃಖದಲ್ಲಿದ್ದ ಆಟಗಾರರಿಗೆ ಇದು ಹಿಡಿಸಲಿಲ್ಲ. ಅಭ್ಯಾಸದಲ್ಲಿ ಕಿರಿಕಿರಿ ಶುರುವಾಯಿತು. ಆಗ ನಡೆದದ್ದನ್ನು ಗಮನಿಸಬೇಕು. ಬೋಮನ್ ಹಠ ಹಿಡಿಯಲಿಲ್ಲ. ಅಭ್ಯಾಸವನ್ನು ಬಹುಮಟ್ಟಿಗೆ ಸಹಾಯಕರಿಗೆ ಬಿಟ್ಟು, ಪಂದ್ಯದ ವೇಳೆ ಬೆಂಚನ್ನು ಮಾತ್ರ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಅಲ್ಲಿ ಒಂದಿಷ್ಟೂ ಸಡಿಲಬಿಡಲಿಲ್ಲ. 1992ರ ಮೊದಲ ಸುತ್ತಿನಲ್ಲಿ ವಾಷಿಂಗ್ಟನ್ ವಿರುದ್ಧ ಸರಣಿಯಲ್ಲಿ 3-1 ಹಿಂದಿದ್ದ ತಂಡ ಎದ್ದು ನಿಂತಿತು, ಕೊನೆಯ 11 ಪಂದ್ಯಗಳನ್ನು ಸತತ ಗೆದ್ದು ಮತ್ತೆ ಕಪ್ ಹಿಡಿಯಿತು. ಫೈನಲ್‌ನಲ್ಲಿ ಒಂದು ಪಂದ್ಯವನ್ನೂ ಬಿಡದೆ ಸೋಲಿಸಿದ್ದು ಮೈಕ್ ಕೀನನ್ ಅವರ ಶಿಕಾಗೊ ತಂಡವನ್ನು. ಕೀನನ್ ಆ ಕಾಲದಲ್ಲಿ ಬೋಮನ್‌ಗಿಂತಲೂ ಬಿಗಿ ಎಂದು ಹೆಸರಾದವರು.

ಪಿಟ್ಸ್‌ಬರ್ಗ್ ಪಾಠ ಅಲ್ಲಿಗೇ ಮುಗಿಯಲಿಲ್ಲ. 2005ರ ಡಿಸೆಂಬರಿನಲ್ಲಿ ಮಿಶೆಲ್ ಟೆರಿಯೆನ್ ಕೋಚ್ ಆಗಿ ಬಂದರು. ಬಂದ ಕೆಲವೇ ವಾರಗಳಲ್ಲಿ ಪತ್ರಕರ್ತರ ಮುಂದೆಯೇ ತಮ್ಮ ತಂಡದ ಡಿಫೆನ್ಸ್ ಆಟಗಾರರನ್ನು ಹಿಗ್ಗಾಮುಗ್ಗಾ ಜಾಡಿಸಿದರು. ತಂಡ ಎಳೆಯರಿಂದ ತುಂಬಿತ್ತು. ಸಿಡ್ನಿ ಕ್ರಾಸ್ಬಿಗೆ ಆಗ 18. ಆ ಹುಡುಗರಿಗೆ ಶಿಸ್ತು ಬೇಕಿತ್ತು, ಟೆರಿಯೆನ್ ಕಲಿಸಿದರು. ಲೀಗ್ ಪಟ್ಟಿಯಲ್ಲಿ 58 ಅಂಕಗಳಿದ್ದ ತಂಡ ಮರುವರ್ಷ 105 ಅಂಕ ಗಳಿಸಿತು, 2008ರಲ್ಲಿ ಫೈನಲ್ ಮುಟ್ಟಿತು. 2009ರ ಫೆಬ್ರವರಿ ಹೊತ್ತಿಗೆ ಅದೇ ದನಿ ಕೇಳಿ ಕೇಳಿ ಅದೇ ತಂಡ ಬಾಡಿಹೋಗಿತ್ತು, ಪ್ಲೇಆಫ್ ಜಾಗದಿಂದ ಹೊರಗೆ ಬಿದ್ದಿತ್ತು. ಟೆರಿಯೆನ್ ಹೋದರು, ಕೆಳಗಿನ ಲೀಗ್‌ನಿಂದ ಡ್ಯಾನ್ ಬೈಲ್ಸ್ಮಾ ಬಂದರು. ಹಸನ್ಮುಖಿ, ಮಾತು ಕೇಳಿಸಿಕೊಳ್ಳುವ ಮನುಷ್ಯ. ಉಳಿದ 25 ಪಂದ್ಯಗಳಲ್ಲಿ ನಿಗದಿತ ಸಮಯದಲ್ಲಿ ಸೋತದ್ದು ಮೂರೇ ಮೂರು. ಜೂನ್ 12ರಂದು ಡೆಟ್ರಾಯಿಟ್ ಅಂಗಳದಲ್ಲೇ ಏಳನೇ ಪಂದ್ಯ ಗೆದ್ದು ಕಪ್ ತಂದರು. ಎದುರಾಳಿ ಬೆಂಚಿನ ಹಿಂದೆ ನಿಂತಿದ್ದವರು ನಿಮಗೆ ಗೊತ್ತಿರುವ ಬ್ಯಾಬ್‌ಕಾಕ್.

ಸಲಿಗೆ ಗೆದ್ದಿತು ಅಂತ ನಿಮ್ಮ ಮಗ ಎದ್ದು ಕುಣಿಯುವ ಮೊದಲು 2015ಕ್ಕೆ ಬನ್ನಿ. ಈಗ ಅದೇ ತಂಡಕ್ಕೆ ಮೈಕ್ ಜಾನ್ಸ್‌ಟನ್ ಕೋಚ್. ಮೆದು ಮಾತಿನ, ಸಭ್ಯ ವ್ಯಕ್ತಿ. ತಂಡ ಜಡ್ಡುಗಟ್ಟಿತ್ತು, ಕ್ರಾಸ್ಬಿಯ ಆಟವೇ ಮಂಕಾಗಿತ್ತು. ಡಿಸೆಂಬರ್ 12ರಂದು ಅವರನ್ನು ತೆಗೆದು ಮೈಕ್ ಸಲಿವನ್ ಅವರನ್ನು ಕೂರಿಸಿದರು. ಸಲಿವನ್ ಹಿಂದೆ ಜಾನ್ ಟಾರ್ಟೊರೆಲಾ ಎಂಬ ಬಹು ಖಡಕ್ ಕೋಚ್ ಕೈಕೆಳಗೆ ಪಳಗಿದವರು. ವೇಗ, ನೇರ ಮಾತು, ರೆಫ್ರಿ ಜೊತೆ ಗೊಣಗದೆ ಮುಂದಿನ ಶಿಫ್ಟ್ ಆಡು ಅನ್ನುವ ಒಂದೇ ಪಟ್ಟು. 2016ರಲ್ಲೂ 2017ರಲ್ಲೂ ಕಪ್. ಎರಡು ಸಲವೂ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಕ್ರಾಸ್ಬಿ.

ಒಂದೇ ಊರು. ಬಿಗಿಯಿಂದ ಸಡಿಲಕ್ಕೆ ಹೋಗಿ ಒಮ್ಮೆ ಗೆದ್ದರು, ಸಡಿಲದಿಂದ ಬಿಗಿಗೆ ಹೋಗಿ ಎರಡು ಬಾರಿ ಗೆದ್ದರು. ತಂಡಕ್ಕೆ ಆ ಹೊತ್ತಿನಲ್ಲಿ ಏನು ಕಡಿಮೆಯಾಗಿದೆಯೋ ಅದನ್ನು ತಂದವರು ಗೆಲ್ಲುತ್ತಾರೆ ಎಂದು ಇದರಿಂದ ನಾನು ತಿಳಿದುಕೊಂಡಿದ್ದೇನೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಕೋಚ್‌ನನ್ನು ತೆಗೆಯುವುದು ತಂಡ ತೀರಾ ಕೆಳಗೆ ಬಿದ್ದಾಗ. ಅಷ್ಟು ಕೆಳಗೆ ಬಿದ್ದ ತಂಡ ಯಾರೂ ಏನೂ ಮಾಡದಿದ್ದರೂ ಸ್ವಲ್ಪವಾದರೂ ಮೇಲೆ ಬರುತ್ತದೆ. ಹೊಸ ಕೋಚ್ ಆ ಏರಿಕೆಯನ್ನೂ ತಮ್ಮ ಖಾತೆಗೆ ಸೇರಿಸಿಕೊಳ್ಳುತ್ತಾರೆ. ನಿಮ್ಮ ಬೆರೂಬಿಯನ್ನೇ ನೋಡಿ. ಟೊರೊಂಟೊಗೆ ಬರುವ ಮೊದಲು ಅವರು ನಡೆಸಿದ ಸೇಂಟ್ ಲೂಯಿಸ್ ತಂಡ 2019ರ ಜನವರಿ ಮೊದಲ ವಾರದಲ್ಲಿ ಇಡೀ ಲೀಗ್‌ನಲ್ಲೇ ಕಟ್ಟಕಡೆಯ ಸ್ಥಾನದಲ್ಲಿತ್ತು, ಜೂನ್‌ನಲ್ಲಿ ಕಪ್ ಗೆದ್ದಿತು. ಬೆರೂಬಿಯ ಗಟ್ಟಿತನಕ್ಕೆ ಅದರಲ್ಲಿ ಪಾಲಿದೆ, ಖಂಡಿತ ಇದೆ. ಆದರೆ ಅದೇ ಜನವರಿಯಲ್ಲಿ ಜೋರ್ಡನ್ ಬಿನ್ನಿಂಗ್ಟನ್ ಎಂಬ ಹೊಸ ಗೋಲಿ ಬಂದು ನಿಂತ. ಮೊದಲ ಬಾರಿ ಆರಂಭದಿಂದ ಆಡಿದ ಪಂದ್ಯದಲ್ಲೇ ಒಂದು ಗೋಲನ್ನೂ ಬಿಡಲಿಲ್ಲ. ಗೋಲಿ ಪಕ್ ಹಿಡಿಯುತ್ತಿದ್ದರೆ ಎಂಥ ಕೋಚ್ ಮಾತೂ ವೇದವಾಕ್ಯವೇ. ಹಿಡಿಯದಿದ್ದರೆ ಎಂಥವರ ಮಾತಿಗೂ ಬೆಲೆಯಿಲ್ಲ. ಕೋಚ್‌ಗಳನ್ನು ತೂಗುವಾಗ ನಾನು ಮೊದಲು ನೋಡುವುದು ಗೋಲಿಯನ್ನು.

ಇನ್ನು ಬಿಗಿ ಎಲ್ಲಿ ಬೀಳುತ್ತದೆ ಅನ್ನುವ ಮಾತಿಗೆ ಬರೋಣ. ಇದಕ್ಕೆ ಬ್ರೆಟ್ ಹಲ್ ಅವರ ವೃತ್ತಿಜೀವನಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ. 1990-91ರಲ್ಲಿ ಸೇಂಟ್ ಲೂಯಿಸ್ ಪರ 86 ಗೋಲು ಹೊಡೆದವರು, ಬಾಯಿ ಬಿಚ್ಚಿ ಮಾತಾಡುವವರು. 1994ರಲ್ಲಿ ಕೀನನ್ ನ್ಯೂಯಾರ್ಕ್ ರೇಂಜರ್ಸ್‌ಗೆ 54 ವರ್ಷಗಳ ನಂತರ ಕಪ್ ಗೆದ್ದುಕೊಟ್ಟು, ತಿಂಗಳೊಪ್ಪತ್ತಿನಲ್ಲಿ ಜಗಳವಾಡಿಕೊಂಡು ಸೇಂಟ್ ಲೂಯಿಸ್‌ಗೆ ಬಂದರು. ಅಲ್ಲಿ ಅವರೇ ಕೋಚ್, ಅವರೇ ಜನರಲ್ ಮ್ಯಾನೇಜರ್, ಅಡ್ಡ ಹೇಳುವವರು ಯಾರೂ ಇಲ್ಲ. 1995ರಲ್ಲಿ ಹಲ್ ಅವರ ನಾಯಕತ್ವ ಕಿತ್ತುಕೊಂಡರು. 1996ರಲ್ಲಿ ವೇಯ್ನ್ ಗ್ರೆಟ್ಜ್‌ಕಿಯಂಥವರು ಬಂದರು, ಒಂದು ಪ್ಲೇಆಫ್ ಆಡಿ ಹೊರಟುಹೋದರು. ಅದೇ ಡಿಸೆಂಬರಿನಲ್ಲಿ ಕೀನನ್ ಅವರನ್ನೇ ತೆಗೆದುಹಾಕಿದರು. ಹಲ್‌ಗೆ ಬಿಗಿ ಕೋಚ್ ಆಗುವುದಿಲ್ಲ ಎಂದು ಎಷ್ಟೋ ಜನ ತೀರ್ಮಾನಿಸಿದರು. ಆದರೆ ಮುಂದೆ ಅವರು ಹೋದದ್ದು ಡಲ್ಲಾಸ್‌ಗೆ. ಅಲ್ಲಿನ ಕೋಚ್ ಕೆನ್ ಹಿಚ್‌ಕಾಕ್, ಫಾರ್ವರ್ಡ್‌ಗಳನ್ನು ಹಿಂದೆ ಬಂದು ಡಿಫೆನ್ಸ್ ಮಾಡು ಎಂದು ದಿನವಿಡೀ ಪೀಡಿಸುವವರು. ಹಲ್ ಗೊಣಗಿದರು, ಆದರೂ ಆಡಿದರು. 1999ರ ಫೈನಲ್‌ನಲ್ಲಿ ಕಪ್ ಗೆಲ್ಲಿಸಿದ ಗೋಲು ಅವರದೇ. ಅಲ್ಲಿಂದ ಡೆಟ್ರಾಯಿಟ್‌ಗೆ ಹೋಗಿ 2002ರಲ್ಲಿ ಬೋಮನ್ ಕೈಕೆಳಗೆ ಇನ್ನೊಂದು ಕಪ್ ಗೆದ್ದರು. ಮೂವರು ಬಿಗಿ ಕೋಚ್‌ಗಳಲ್ಲಿ ಇಬ್ಬರ ಬಳಿ ಅದೇ ಮನುಷ್ಯ ಬಾಗಿದ. ಹಿಚ್‌ಕಾಕ್ ಮತ್ತು ಬೋಮನ್ ಕೇಳಿದ್ದು ಐಸ್ ಮೇಲಿನ ಕೆಲಸ, ಅದನ್ನು ಎಲ್ಲರಿಂದಲೂ ಕೇಳಿದರು. ಕೀನನ್ ಜೊತೆ ಅದು ಯಾರು ದೊಡ್ಡವರು ಅನ್ನುವ ಜಟಾಪಟಿಯಾಗಿತ್ತು.

ಕೀನನ್ ಬಗ್ಗೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವರು ಎಂಟು ಎನ್‌ಎಚ್‌ಎಲ್ ತಂಡಗಳನ್ನು ನಡೆಸಿದರು, ಮೂರು ಬೇರೆಬೇರೆ ತಂಡಗಳನ್ನು ಫೈನಲ್‌ಗೆ ಒಯ್ದರು, 2014ರಲ್ಲಿ ರಷ್ಯಾದ ಮ್ಯಾಗ್ನಿಟೊಗೊರ್ಸ್ಕ್ ತಂಡಕ್ಕೆ ಅಲ್ಲಿನ ಲೀಗ್‌ನ ಗಗಾರಿನ್ ಕಪ್ ಗೆದ್ದುಕೊಟ್ಟರು. ಆಟದ ಬುದ್ಧಿಗೆ ಕೊರತೆಯಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಅವರಿಗೂ ಆಟಗಾರರಿಗೂ ನಡುವೆ ಮಾರ್ಕ್ ಮೆಸ್ಸಿಯೇ ಎಂಬ ನಾಯಕ ಗೋಡೆಯಂತೆ ನಿಂತಿದ್ದರು. ಬ್ರೂಕ್ಸ್‌ಗೆ ಪ್ಯಾಟ್ರಿಕ್ ಇದ್ದ ಹಾಗೆ. ಬಿಗಿ ಕೋಚ್ ಗೆದ್ದ ಕಡೆಯಲ್ಲೆಲ್ಲ ನಡುವೆ ಇಂಥ ಒಬ್ಬರನ್ನು ಹುಡುಕಿ, ಸಾಮಾನ್ಯವಾಗಿ ಸಿಗುತ್ತಾರೆ.

ಬಿಗಿ ಮಿತಿಮೀರಿದರೆ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಸೋವಿಯತ್ ಕಾಲದ ಮಾಸ್ಕೊ ನೋಡಬೇಕು. ವಿಕ್ಟರ್ ತಿಖೊನೊವ್ ಸೈನ್ಯದ ತಂಡವಾದ ಸಿಎಸ್‌ಕೆಎ ವಹಿಸಿಕೊಂಡ ಮೇಲೆ 12 ವರ್ಷ ಸತತವಾಗಿ ಲೀಗ್ ಗೆದ್ದರು. 1984, 1988, 1992ರ ಒಲಿಂಪಿಕ್ ಚಿನ್ನಗಳೂ ಅವರ ಕೈಯಲ್ಲೇ ಬಂದವು. ಇದಕ್ಕೆ ತೆತ್ತ ಬೆಲೆ ಏನೆಂದರೆ, ಆಟಗಾರರು ವರ್ಷದ ಬಹುಪಾಲು ದಿನ ಅರ್ಖಾಂಗೆಲ್ಸ್ಕೊಯೆ ಎಂಬಲ್ಲಿನ ಶಿಬಿರದಲ್ಲೇ ಇರಬೇಕಿತ್ತು. ಮದುವೆಯಾದವರೂ ಹೆಂಡತಿ ಮಕ್ಕಳನ್ನು ಅಪರೂಪಕ್ಕೆ ಕಾಣುತ್ತಿದ್ದರು. 1980ರ ಆ ಲೇಕ್ ಪ್ಲಾಸಿಡ್ ಪಂದ್ಯಕ್ಕೇ ಮರಳೋಣ. ಮೊದಲ ಅವಧಿ ಮುಗಿಯಲು ಒಂದು ಸೆಕೆಂಡ್ ಇದ್ದಾಗ ಅಮೆರಿಕ ಗೋಲು ಹೊಡೆದು 2-2 ಮಾಡಿತು. ಸೋವಿಯತ್ ತಂಡದ ಕೋಚ್ ಕೂಡ ಆಗಿದ್ದ ತಿಖೊನೊವ್ ಸಿಟ್ಟಿನಲ್ಲಿ ಜಗತ್ತಿನ ಶ್ರೇಷ್ಠ ಗೋಲಿ ವ್ಲಾದಿಸ್ಲಾವ್ ತ್ರೆತ್ಯಾಕ್ ಅವರನ್ನು ಬೆಂಚಿಗೆ ಕಳಿಸಿ ವ್ಲಾದಿಮಿರ್ ಮಿಶ್ಕಿನ್ ಅವರನ್ನು ನಿಲ್ಲಿಸಿದರು. ಕೊನೆಯ ಅವಧಿಯಲ್ಲಿ ಎರಡು ಗೋಲು ಬಿದ್ದವು, ಪಂದ್ಯ ಕೈತಪ್ಪಿತು. ಅದು ತಮ್ಮ ಬದುಕಿನ ದೊಡ್ಡ ತಪ್ಪು ಎಂದು ತಿಖೊನೊವ್ ಆಮೇಲೆ ಒಪ್ಪಿಕೊಂಡರು. ತಪ್ಪಿಗೆ ಶಿಕ್ಷೆ ಕೊಡುವ ಆತುರದಲ್ಲಿ ಗೆಲುವಿಗೆ ಬೇಕಾದವರನ್ನೇ ಕಳೆದುಕೊಳ್ಳುವುದು ಬಿಗಿ ಕೋಚ್‌ಗಳಿಗೆ ಅಂಟುವ ಕಾಯಿಲೆ.

1988ರಲ್ಲಿ ಅವರ ತಂಡದ ಆಟಗಾರ ಇಗೊರ್ ಲಾರಿಯೊನೊವ್ ಆ ವ್ಯವಸ್ಥೆಯ ವಿರುದ್ಧ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ನಾಯಕ ವ್ಯಾಚೆಸ್ಲಾವ್ ಫೆತಿಸೊವ್ ಕೂಡ ಸಿಡಿದೆದ್ದರು. 1989ರಲ್ಲಿ ಇಬ್ಬರೂ ಉತ್ತರ ಅಮೆರಿಕಕ್ಕೆ ಬಂದರು. ಈಗ ನನಗೆ ಬಹಳ ಇಷ್ಟವಾದ ಭಾಗ. 1995ರ ಅಕ್ಟೋಬರಿನಲ್ಲಿ ಇದೇ ಇಬ್ಬರು, ಜೊತೆಗೆ ಸೆರ್ಗೆಯ್ ಫೆದೊರೊವ್, ವ್ಲಾದಿಮಿರ್ ಕೊನ್‌ಸ್ತಾಂತಿನೊವ್, ವ್ಯಾಚೆಸ್ಲಾವ್ ಕೊಜ್ಲೊವ್ ಡೆಟ್ರಾಯಿಟ್‌ನಲ್ಲಿ ಒಂದಾಗಿ ಐವರು ರಷ್ಯನ್ನರ ಘಟಕವಾಗಿ ಐಸ್‌ಗೆ ಇಳಿದರು. ಅವರ ಕೋಚ್ ಯಾರು? ಅದೇ ಸ್ಕಾಟಿ ಬೋಮನ್. ಎಲ್ಲರನ್ನೂ ನಡುಗಿಸುವ ಬೋಮನ್ ಈ ಐವರಿಗೆ ಹೀಗೇ ಆಡಿ ಎಂದು ಹೇಳಲಿಲ್ಲ. ಪಕ್ ತಮ್ಮಲ್ಲೇ ಇಟ್ಟುಕೊಂಡು, ಜಾಗ ಬದಲಿಸುತ್ತಾ, ದಾರಿ ಇಲ್ಲದಿದ್ದರೆ ಹಿಂದಕ್ಕೆ ಕೊಟ್ಟು ಮತ್ತೆ ಕಟ್ಟಿಕೊಂಡು ಬರುವ ಅವರ ಆಟವನ್ನು ಹಾಗೆಯೇ ಬಿಟ್ಟರು. ಆ ಸೀಸನ್‌ನಲ್ಲಿ ಡೆಟ್ರಾಯಿಟ್ 62 ಪಂದ್ಯ ಗೆದ್ದಿತು, 1997ರಲ್ಲಿ ಕಪ್ ಬಂತು. ಇದೇ ಬೋಮನ್ ಅದೇ ತಂಡದಲ್ಲಿ ನಾಯಕ ಸ್ಟೀವ್ ಐಜರ್‌ಮನ್ ಮೇಲೆ ಲಗಾಮು ಬಿಗಿ ಮಾಡಿದ್ದರು. ಒಮ್ಮೆ ಒಂದೇ ಸೀಸನ್‌ನಲ್ಲಿ 155 ಅಂಕ (ತಾನು ಹೊಡೆದ ಮತ್ತು ಹೊಡೆಯಲು ನೆರವಾದ ಗೋಲುಗಳ ಲೆಕ್ಕ) ಗಳಿಸಿದ ಫಾರ್ವರ್ಡ್‌ನನ್ನು ಎರಡೂ ತುದಿಯಲ್ಲಿ ಬೆವರು ಸುರಿಸುವ ಆಟಗಾರನನ್ನಾಗಿ ತಿದ್ದಿದ್ದರು. ಒಬ್ಬರಿಗೆ ಬಿಗಿ, ಐವರಿಗೆ ಬಿಡುವು. ಒಂಬತ್ತು ಕಪ್ ಗೆದ್ದ ಕೋಚ್‌ನ ಹಿರಿಮೆ ನನಗೆ ಕಾಣುವುದು ಇಲ್ಲಿ.

ಈಗ ನಿಮ್ಮ ಊರಿಗೆ ಬರೋಣ. ಬ್ಯಾಬ್‌ಕಾಕ್ ಸಣ್ಣ ಕೋಚ್ ಅಲ್ಲ. 2008ರ ಕಪ್, ಕೆನಡಾಗೆ 2010 ಮತ್ತು 2014ರ ಒಲಿಂಪಿಕ್ ಚಿನ್ನ. ಟೊರೊಂಟೊ ಅವರಿಗೆ ಎಂಟು ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟು ತಂದಿತು. ಆದರೆ ಅವರ ಬಿಗಿ ಎಲ್ಲಿ ಬೀಳುತ್ತಿತ್ತು ನೋಡಿ. 2011ರಲ್ಲಿ ಡೆಟ್ರಾಯಿಟ್‌ನಲ್ಲಿ ಮೈಕ್ ಮೊಡಾನೊ ಎಂಬ ಹಿರಿಯ ಆಟಗಾರ 1,499 ಪಂದ್ಯ ಆಡಿದ್ದರು. ಸೀಸನ್‌ನ ಕೊನೆಯ ಪಂದ್ಯಕ್ಕೆ ಅವರನ್ನು ಹೊರಗಿಟ್ಟರು. ಮೊಡಾನೊ ಅದೇ ವರ್ಷ ನಿವೃತ್ತರಾದರು, ಸಂಖ್ಯೆ 1,499ಕ್ಕೇ ನಿಂತಿತು. 2019ರ ಅಕ್ಟೋಬರಿನಲ್ಲಿ ಟೊರೊಂಟೊ ಭಾಗದಲ್ಲೇ ಬೆಳೆದ ಜೇಸನ್ ಸ್ಪೆಜಾ ಊರಿನ ತಂಡಕ್ಕೆ ಬಂದಿದ್ದರು. ಮೊದಲ ಪಂದ್ಯ ತವರಿನಲ್ಲಿ, ಎದುರಾಳಿ ಅವರು ವರ್ಷಗಟ್ಟಲೆ ಆಡಿದ್ದ ಒಟ್ಟಾವಾ. ಅವತ್ತೇ ಅವರನ್ನು ಕೂರಿಸಿದರು. ಲೀಫ್ಸ್‌ನಲ್ಲಿ ಮಿಚ್ ಮಾರ್ನರ್ ಹೊಸಬನಾಗಿದ್ದಾಗ ಅವನಿಂದ, ಸಹ ಆಟಗಾರರಲ್ಲಿ ಯಾರು ಹೆಚ್ಚು ದುಡಿಯುತ್ತಾರೆ, ಯಾರು ಕಡಿಮೆ ಎಂದು ಪಟ್ಟಿ ಬರೆಸಿಕೊಂಡು, ಅದನ್ನು ಬೇರೆ ಆಟಗಾರರ ಕಿವಿಗೆ ಹಾಕಿದ ವಿಷಯ 2019ರಲ್ಲಿ ಹೊರಬಿತ್ತು. ಇವುಗಳಲ್ಲಿ ಒಂದರಿಂದಲೂ ತಂಡ ಒಂದು ಗೋಲು ಹೆಚ್ಚು ಹೊಡೆಯುವುದಿಲ್ಲ, ಒಂದು ಗೋಲು ಕಡಿಮೆ ಬಿಡುವುದಿಲ್ಲ. ನಾನು ಮಾನದ ಮೇಲೆ ಬೀಳುವ ಬಿಗಿ ಅಂದದ್ದು ಇದನ್ನೇ. 2023ರಲ್ಲಿ ಕೊಲಂಬಸ್ ತಂಡ ಅವರನ್ನು ಮತ್ತೆ ಕರೆಯಿತು. ಆಟಗಾರರ ಫೋನಿನಲ್ಲಿನ ಫೋಟೊಗಳನ್ನು ತೋರಿಸಿ ಎಂದು ಕೇಳಿದ ವಿವಾದದಲ್ಲಿ ಒಂದು ಪಂದ್ಯವನ್ನೂ ನಡೆಸದೆ ರಾಜೀನಾಮೆ ಕೊಟ್ಟರು.

ಆದರೂ ಟೊರೊಂಟೊ ಸೋಲನ್ನು ಬ್ಯಾಬ್‌ಕಾಕ್ ಬಿಗಿಗೋ ಕೀಫ್ ಸೌಮ್ಯಕ್ಕೋ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. 2019, 2021, 2022, 2024, 2025. ಈ ಐದು ವರ್ಷಗಳಲ್ಲಿ ಲೀಫ್ಸ್ ಸರಣಿಯ ಏಳನೇ ಪಂದ್ಯ ಆಡಿ ಸೋತಿತು. ಮೊದಲನೆಯದು ಬ್ಯಾಬ್‌ಕಾಕ್ ಕೈಯಲ್ಲಿ, ನಡುವಿನ ಮೂರು ಕೀಫ್ ಕೈಯಲ್ಲಿ, ಕೊನೆಯದು ಬೆರೂಬಿ ಕೈಯಲ್ಲಿ. ಐದರಲ್ಲೂ ತಂಡ ಹೊಡೆದದ್ದು ತಲಾ ಒಂದೇ ಗೋಲು. ಕೀಫ್ ಕಾಲದಲ್ಲೇ 2021-22ರಲ್ಲಿ 115 ಅಂಕ ಗಳಿಸಿ ಕ್ಲಬ್ ದಾಖಲೆ ಬರೆದಿದ್ದ ತಂಡ ಇದು. ಮೂರು ಬಗೆಯ ಕೋಚ್, ಒಂದೇ ಫಲಿತಾಂಶ ಅಂದಮೇಲೆ ಕಾರಣ ಕೋಚ್ ದನಿಯಲ್ಲಿಲ್ಲ. ಸಂಬಳ ಮಿತಿಯ (ಒಂದು ತಂಡ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಗರಿಷ್ಠ ಮೊತ್ತ) ಹತ್ತಿರಹತ್ತಿರ ಅರ್ಧ ಹಣ ನಾಲ್ಕು ಫಾರ್ವರ್ಡ್‌ಗಳಿಗೆ ಹೋಗುತ್ತಿತ್ತು. ಆ ನಾಲ್ವರ ದಾರಿ ಮುಚ್ಚಿದ ರಾತ್ರಿ ಗೋಲು ಹೊಡೆಯಲು ಬೇರೆಯವರು ಇರಲಿಲ್ಲ. ಅದು ತಂಡ ಕಟ್ಟಿದವರ ಲೆಕ್ಕ.

ಕೋಟಿಗಟ್ಟಲೆ ಸಂಬಳ ಅನ್ನುವ ನಿಮ್ಮ ಮಗನ ಮಾತಿನಲ್ಲಿ ಅವನಿಗೂ ಗೊತ್ತಿಲ್ಲದ ಒಂದು ಸತ್ಯವಿದೆ. 2005ರಲ್ಲಿ ಸಂಬಳ ಮಿತಿ ಬಂದ ಮೇಲೆ ತಾರಾ ಆಟಗಾರನ ದೀರ್ಘ ಕರಾರನ್ನು ಬೇರೆ ತಂಡಕ್ಕೆ ದಾಟಿಸುವುದು ಕಷ್ಟವಾಯಿತು, ಕೋಚ್‌ನನ್ನು ಬದಲಿಸುವುದು ಸುಲಭವಾಯಿತು. ಆಟಗಾರ ಮುನಿಸಿಕೊಂಡರೆ ಮನೆಗೆ ಹೋಗುವವರು ಕೋಚ್. ಕ್ಯಾಲ್ಗರಿಯ ಡ್ಯಾರಿಲ್ ಸಟರ್, ಲಾಸ್ ಏಂಜಲೀಸ್‌ಗೆ 2012, 2014ರ ಕಪ್ ಗೆದ್ದುಕೊಟ್ಟ ಹಳೇ ಕಾಲದ ಬಿಗಿ ಕೋಚ್, 2022ರಲ್ಲಿ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಪಡೆದರು. 2023ರ ಮೇ ತಿಂಗಳಿಗೆ ಕೆಲಸ ಕಳೆದುಕೊಂಡರು. ಆ ನಡುವಿನ ಸೀಸನ್‌ನಲ್ಲಿ ಫ್ಲೋರಿಡಾದಿಂದ ಬಂದ ಜೊನಾಥನ್ ಹ್ಯೂಬರ್ಡೊ ಅವರ ಅಂಕ 115ರಿಂದ 55ಕ್ಕೆ ಬಿದ್ದಿತ್ತು. ಆಗಿನ್ನೂ ಆರಂಭವಾಗಬೇಕಿದ್ದ ಎಂಟು ವರ್ಷದ ಕರಾರು ಬೇರೆ ಅವರ ಕೈಯಲ್ಲಿತ್ತು.

ಜೊತೆಗೆ, ನಿಂದನೆಯನ್ನು ಬಿಗಿಯೊಂದಿಗೆ ಸೇರಿಸಬೇಡಿ. 2019ರ ನವೆಂಬರಿನಲ್ಲಿ ಅಕಿಮ್ ಅಲಿಯು ಎಂಬ ಆಟಗಾರ ಹತ್ತು ವರ್ಷ ಹಿಂದೆ ತಮ್ಮನ್ನು ಜನಾಂಗೀಯವಾಗಿ ನಿಂದಿಸಿದ್ದನ್ನು ಹೊರಗೆ ಹಾಕಿದ ಮೇಲೆ ಕ್ಯಾಲ್ಗರಿ ಕೋಚ್ ಬಿಲ್ ಪೀಟರ್ಸ್ ರಾಜೀನಾಮೆ ಕೊಡಬೇಕಾಯಿತು. ಅದನ್ನು ಹಳೇ ಕಾಲದ ಶಿಸ್ತು ಎಂದು ಸಮರ್ಥಿಸಿದವರನ್ನು ಕಂಡಿದ್ದೇನೆ. ಆಟ ಕಲಿಸುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಸಲಿಗೆಯ ಕೋಚ್‌ಗೆ ಒಳ್ಳೆಯ ಮಾದರಿ ಬೇಕಿದ್ದರೆ ಟ್ಯಾಂಪಾದ ಜಾನ್ ಕೂಪರ್ ಅವರನ್ನು ನೋಡಿ. ಮೊದಲು ವಕೀಲರಾಗಿದ್ದವರು, 2013ರಿಂದ ಅದೇ ತಂಡದಲ್ಲಿದ್ದಾರೆ. 2018-19ರಲ್ಲಿ 62 ಪಂದ್ಯ ಗೆದ್ದ ಅವರ ತಂಡವನ್ನು ಮೊದಲ ಸುತ್ತಿನಲ್ಲೇ ಟಾರ್ಟೊರೆಲಾ ಅವರ ಕೊಲಂಬಸ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು ಗುಡಿಸಿಹಾಕಿತು. ಆ ಟಾರ್ಟೊರೆಲಾ 2004ರಲ್ಲಿ ಇದೇ ಟ್ಯಾಂಪಾಗೆ ಕಪ್ ಗೆದ್ದುಕೊಟ್ಟವರು. ಎಲ್ಲರೂ ಕೂಪರ್ ತಲೆದಂಡ ಕೇಳಿದರು, ತಂಡ ಕೊಡಲಿಲ್ಲ. ಮರುವರ್ಷ ಅದೇ ಕೊಲಂಬಸ್ ವಿರುದ್ಧ ಮೊದಲ ಪಂದ್ಯ ಐದು ಓವರ್‌ಟೈಮ್ ತನಕ ಹೋಯಿತು. ಈ ಸಲ ಟ್ಯಾಂಪಾ ಸಡಿಲವಾಗಲಿಲ್ಲ. 2020, 2021 ಎರಡೂ ವರ್ಷ ಕಪ್. ಕೂಪರ್ ನಗುತ್ತಾ ಮಾತಾಡುತ್ತಾರೆ ನಿಜ, ಆದರೆ ಪ್ಲೇಆಫ್‌ನಲ್ಲಿ ಅವರ ತಾರೆಯರು ಪಕ್‌ಗೆ ಮೈಯೊಡ್ಡಿ ಬೀಳುತ್ತಿದ್ದುದನ್ನು ನೋಡಿದವರು ಅವರನ್ನು ಮೆತ್ತಗಿನ ಕೋಚ್ ಅನ್ನಲಾರರು.

ಟಿವಿಯಲ್ಲಿ ಗುರುತಿಸುವ ದಾರಿ ಕೇಳಿದ್ದಿರಿ. ಕೋಚ್ ಮುಖ ನೋಡಬೇಡಿ, ಕಿರುಚುವವರನ್ನು ಕ್ಯಾಮೆರಾ ಹುಡುಕಿಕೊಂಡು ಹೋಗುತ್ತದೆ. ತಪ್ಪು ಮಾಡಿದವನನ್ನು ನೋಡಿ. ಎರಡನೇ ಅವಧಿಯಲ್ಲಿ ಯಾರಾದರೂ ನೀಲಿ ಗೆರೆಯ ಹತ್ತಿರ ಪಕ್ ಕಳೆದುಕೊಂಡು ಗೋಲು ಬಿತ್ತು ಅಂದುಕೊಳ್ಳಿ. ಆತ ಎಷ್ಟು ಹೊತ್ತಿಗೆ ಮತ್ತೆ ಐಸ್‌ಗೆ ಬರುತ್ತಾನೆ ಗಮನಿಸಿ. ಒಂದೆರಡು ಶಿಫ್ಟ್ ಕೂತು, ಪಕ್ಕದಲ್ಲಿ ಸಹಾಯಕ ಕೋಚ್ ಟ್ಯಾಬ್ಲೆಟ್ ಹಿಡಿದು ಏನೋ ತೋರಿಸಿ, ಮತ್ತೆ ಇಳಿದರೆ ಅಲ್ಲಿ ಕಲಿಸುವ ಕೆಲಸ ನಡೆದಿದೆ. ಪಂದ್ಯ ಮುಗಿಯುವವರೆಗೂ ಒಬ್ಬನೇ ಬೆಂಚಿನ ತುದಿಯಲ್ಲಿ ಕೂತಿದ್ದರೆ ಅದು ಬರೀ ಶಿಕ್ಷೆ. ಅದೇ ತಪ್ಪನ್ನು ನಾಲ್ಕನೇ ಸಾಲಿನಲ್ಲಿ ಕಡಿಮೆ ಹೊತ್ತು ಆಡುವ ಹುಡುಗ ಮಾಡಿದಾಗ ಏನಾಯಿತು, ಮ್ಯಾಥ್ಯೂಸ್ ಅಥವಾ ನೈಲಾಂಡರ್‌ನಂಥ ತಾರೆ ಮಾಡಿದಾಗ ಏನಾಯಿತು ಎಂದು ಹೋಲಿಸಿ. ಇಬ್ಬರಿಗೂ ಒಂದೇ ಅಳತೆಯಿದ್ದರೆ ತಂಡ ಅದನ್ನು ಸಹಿಸುತ್ತದೆ, ಬೇರೆಬೇರೆಯಾದರೆ ಡ್ರೆಸ್ಸಿಂಗ್ ರೂಮಿನಲ್ಲಿ ಅವತ್ತೇ ಮಾತು ಶುರುವಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಎರಡು ಗೋಲು ಹಿಂದಿದ್ದಾಗ ಫಾರ್ವರ್ಡ್‌ಗಳು ತಮ್ಮ ಗೋಲಿನ ಕಡೆ ಓಡಿ ಬರುವ ವೇಗವನ್ನೂ ನೋಡುತ್ತಿರಿ. ಉದ್ದದ ಸೀಸನ್‌ನ ನಡುವೆ, ಚಳಿಗಾಲದ ಯಾವುದೋ ಮಂಗಳವಾರ ರಾತ್ರಿ ಆ ಓಟ ನಿಧಾನವಾಗಿದ್ದರೆ ಕೋಚ್ ಮಾತು ಆಟಗಾರರನ್ನು ತಲುಪುತ್ತಿಲ್ಲ ಎಂದು ತಿಳಿಯಿರಿ, ಆ ಕೋಚ್ ಗದರುವವರಿರಲಿ, ನಗುವವರಿರಲಿ.